ರೋಮಾಂಚನಪ್ಪನವರು

ನಿಮ್ಮ ಬಡಾವಣೆಯಲ್ಲೂ ಅವರಿದ್ದಾರೆ. ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಸಿಗದಿದ್ದರೆ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಿಗುತ್ತಾರೆ. ಚಳಿಗಾಲದಲ್ಲೂ ಅರ್ಧ ತೋಳಿನ ಅಂಗಿ. ತುಂಬುತೋಳಾದರೆ ಗುಂಡಿ ಬಿಚ್ಚಿ, ಮಡಚಿ, ಸಾಕ್ಷಿ ತೋರಿಸುವಷ್ಟರಲ್ಲಿ ಕೇಳುವವರು ಜಾಗ ಖಾಲಿ ಮಾಡಿರುತ್ತಾರೆ. ಸಾಕ್ಷಿ ಅಂದರೆ ಮುಂಗೈ ಮೇಲಿನ ರೋಮ. ದೇವರೂ ಭಯವೂ ಒಟ್ಟಿಗೆ ಇರುವ ಯಾವ ಸಿನಿಮಾದ ಹೆಸರನ್ನಾದರೂ ಎತ್ತಿ ನೋಡಿ, ಮಾತಿಗಿಂತ ಮೊದಲು ಅವರ ಕೈ ನಿಮ್ಮ ಮೂಗಿನ ಹತ್ತಿರ ಬರುತ್ತದೆ. "ನೋಡಿ ಸಾರ್, ನೋಡಿ. ಹೆಸರು ಹೇಳ್ತಿದ್ದ ಹಾಗೇ ಎದ್ದು ನಿಲ್ತು. ಗೂಸ್‌ಬಂಪ್ಸು!" ನೀವು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಬೇಕು. ರೋಮ ಹಾಯಾಗಿ ಮಲಗಿದ್ದರೂ "ಅಬ್ಬಾ" ಅನ್ನಬೇಕು. ಅನ್ನದಿದ್ದರೆ ಇನ್ನೊಂದು ಕೈ ಬರುತ್ತದೆ.

ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ, ಬೇಕಾದವರು ನೋಡಿಕೊಳ್ಳಬಹುದು. ನಮ್ಮ ಬೀದಿಗೆ ಅವರು ರೋಮಾಂಚನಪ್ಪನವರು. ಬ್ಯಾಂಕಿನಲ್ಲಿ ಅಧಿಕಾರಿ. ಸಾಲ ಕೇಳಿ ಬಂದವನು ಎಂಥ ಕಣ್ಣೀರಿನ ಕಥೆ ಹೇಳಿದರೂ ಕರಗುವ ಆಸಾಮಿಯಲ್ಲ. ಆದರೆ ಟಿಕೆಟ್ ಹರಿಸಿಕೊಂಡು ಕತ್ತಲಲ್ಲಿ ಕೂತರೆ, ಪರದೆಯ ಮೇಲೆ ಒಂದು ದೀಪ ಆರಿದರೂ ಅವರಿಗೆ ಮೈ ಜುಮ್ಮೆನ್ನುತ್ತದೆ.

ಈ ಗುಣ ತಾಯಿಯ ಕಡೆಯಿಂದ ಬಂದದ್ದು. 1975ರಲ್ಲಿ 'ಜೈ ಸಂತೋಷಿ ಮಾ' ಬಂದಾಗ ಜನ ಚಪ್ಪಲಿ ಹೊರಗೆ ಬಿಟ್ಟು ಚಿತ್ರಮಂದಿರದ ಒಳಗೆ ಹೋದರು, ದೇವಿ ಕಾಣಿಸಿಕೊಂಡಾಗ ಪರದೆಗೆ ಹೂವು, ಚಿಲ್ಲರೆ ಎಸೆದರು. ರೋಮಾಂಚನಪ್ಪನವರ ತಾಯಿಯೂ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಎಸೆದರು. ಆಟ ಮುಗಿದ ಮೇಲೆ ಬೆಂಚಿನಡಿ ತೆವಳಿ ಅದನ್ನು ಹುಡುಕಿ ತಂದು ಕಡಲೆಕಾಯಿ ಕೊಂಡು ತಿಂದ ಬಾಲಕ ಇವರೇ. ಭಕ್ತಿಯಲ್ಲಿ ಹಾಕಿದ್ದು ಹೇಗಾದರೂ ಮನೆಗೇ ವಾಪಸ್ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಆವತ್ತು.

ಭಯದ ದೀಕ್ಷೆಯಾದದ್ದು 1979ರಲ್ಲಿ, 'ನಾ ನಿನ್ನ ಬಿಡಲಾರೆ' ಚಿತ್ರದಲ್ಲಿ. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ ಬರುತ್ತದೆ, ಹೆಂಡತಿಯಾದ ಲಕ್ಷ್ಮಿ ರಾಘವೇಂದ್ರ ಸ್ವಾಮಿಗಳಿಗೆ ಮೊರೆಯಿಡುತ್ತಾಳೆ. ನೋಡಿ ಬಂದ ಹುಡುಗ ರಾತ್ರಿ ಬಚ್ಚಲುಮನೆಗೆ ಹೋಗಬೇಕಾದರೆ ಅಕ್ಕ ಬಾಗಿಲಲ್ಲಿ ನಿಂತು ರಾಯರ ಸ್ತೋತ್ರ ಹೇಳಬೇಕಾಗುತ್ತಿತ್ತು, ಅದೂ ಗಟ್ಟಿಯಾಗಿ. ಎಷ್ಟೋ ವರ್ಷದ ಮೇಲೆ 'ಗೌರಿ ಗಣೇಶ'ದಲ್ಲಿ ಅದೇ ಅನಂತನಾಗ್ ಊರನ್ನೆಲ್ಲ ನಗಿಸುತ್ತಿದ್ದಾಗ ಇಡೀ ಥಿಯೇಟರಿನಲ್ಲಿ ನಗದೆ ಕೂತವರು ಇವರೊಬ್ಬರೇ. "ಯಾವಾಗ ಕಣ್ಣು ಕೆಂಪಾಗುತ್ತೋ ಹೇಳೋಕಾಗಲ್ಲ" ಎಂದು ಕೊನೆಯತನಕ ಕುರ್ಚಿಯ ತುದಿಯಲ್ಲಿದ್ದರು.

1985ರ 'ತುಳಸಿದಳ' ನೋಡಿದ ಮೇಲೆ ಮೂರು ದಾರಿ ಸೇರುವಲ್ಲಿ ನಿಂಬೆಹಣ್ಣು ಬಿದ್ದಿದ್ದರೆ ಒಂದು ಫರ್ಲಾಂಗು ಸುತ್ತಿ ಕಾಲೇಜಿಗೆ ಹೋದರು. 2004ರ 'ಆಪ್ತಮಿತ್ರ'ದಲ್ಲಿ ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ವಿಷ್ಣುವರ್ಧನ್ ಅಷ್ಟು ಬಿಡಿಸಿ ಹೇಳಿದರೂ ಇವರು ಒಪ್ಪಲಿಲ್ಲ. "ಡಾಕ್ಟ್ರು ಇನ್ನೇನು ಹೇಳ್ತಾರೆ? ನಾಗವಲ್ಲಿ ಇಲ್ಲ ಅಂದ್ರೆ ನಾನು ಕೊಟ್ಟ ದುಡ್ಡು ಯಾವುದಕ್ಕೆ?" ಇದು ಅವರ ವಾದ. ಭಯಕ್ಕೆ ಕೊಟ್ಟ ದುಡ್ಡಿಗೆ ಭಯವೇ ಬರಬೇಕು, ಸಮಾಧಾನ ಬಂದರೆ ಅದು ಮೋಸ.

ಅವರ ಅಕ್ಕನ ಮಗ ಒಮ್ಮೆ ಕೆಣಕಿದ. 1973ರಲ್ಲಿ ಅಮೆರಿಕದಲ್ಲಿ 'ದಿ ಎಕ್ಸಾರ್ಸಿಸ್ಟ್' ಬಿಡುಗಡೆಯಾದಾಗ ಜನ ಥಿಯೇಟರಿನಲ್ಲೇ ಮೂರ್ಛೆ ಹೋಗಿದ್ದರು, ವಾಂತಿ ಮಾಡಿಕೊಂಡಿದ್ದರು, ನಿಮಗೆ ಬರೀ ಕೂದಲು ನೆಟ್ಟಗಾಗುತ್ತೆ ಅಷ್ಟೇ ಅಲ್ವಾ ಮಾವ, ಅಂದ. ರೋಮಾಂಚನಪ್ಪನವರು ಕ್ಷಣವೂ ತಡೆಯಲಿಲ್ಲ. "ವಾಂತಿ ಭಕ್ತಿ ಅಲ್ಲ ಕಣೋ, ಅಜೀರ್ಣ."

ಹೀಗೆ ಅಲ್ಲಿ ಇಲ್ಲಿ ಚದುರಿಹೋಗಿದ್ದ ಅವರ ಪ್ರತಿಭೆಗೆ ಒಂದು ನೆಲೆ ಸಿಕ್ಕಿದ್ದು 2022ರ ಸೆಪ್ಟೆಂಬರ್ 30ರಂದು, 'ಕಾಂತಾರ' ತೆರೆಕಂಡಾಗ. ರಿಷಬ್ ಶೆಟ್ಟಿ ಕೊನೆಯಲ್ಲಿ ಬಣ್ಣದ ಮುಖದಲ್ಲಿ ಕಿರುಚಿದ ಆ ಕೂಗು ಕನ್ನಡನಾಡಿನ ಹಾಸ್ಟೆಲು, ಮದುವೆಮನೆ, ಕ್ರಿಕೆಟ್ ಮೈದಾನ ಎಲ್ಲವನ್ನೂ ಹೊಕ್ಕಿತು. ರೋಮಾಂಚನಪ್ಪನವರು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗಲೂ ಅದನ್ನು ಅಭ್ಯಾಸ ಮಾಡಿದರು. ಬೀದಿಯ ನಾಯಿಗಳು ಮೊದಮೊದಲು ಉತ್ತರ ಕೊಟ್ಟವು, ಆಮೇಲೆ ಅವೂ ಸುಮ್ಮನಾದವು.

ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. 1847ರಲ್ಲಿ ಒಬ್ಬ ರಾಜ, ಮನಸ್ಸಿಗೆ ನೆಮ್ಮದಿ ತಂದ ದೈವದ ಕಲ್ಲಿಗೆ ಬದಲಾಗಿ ಊರವರಿಗೆ ಕಾಡಿನ ಜಾಗ ಬಿಟ್ಟುಕೊಡುತ್ತಾನೆ. ಮುಂದಿನ ತಲೆಮಾರಿನವನು ಅದನ್ನು ವಾಪಸ್ ಕೇಳಿ ಕೋರ್ಟಿಗೆ ಹೋಗುತ್ತಾನೆ, ಕೋರ್ಟಿನ ಮೆಟ್ಟಿಲ ಮೇಲೇ ರಕ್ತ ಕಾರಿ ಸಾಯುತ್ತಾನೆ. "ಪರರ ಜಾಗಕ್ಕೆ ಕೈ ಹಾಕಿದರೆ ಏನಾಗುತ್ತೆ ನೋಡಿದಿರಾ ಸಾರ್!" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನು ಹೇಳುವಾಗ ಅವರು ಒರಗಿ ನಿಲ್ಲುವುದು ತಮ್ಮ ಕಾರ್ ಶೆಡ್ಡಿನ ಗೋಡೆಗೆ. ಆ ಗೋಡೆ ಬೀದಿಯ ಚರಂಡಿಯನ್ನು ದಾಟಿ ಎರಡೂವರೆ ಅಡಿ ಈಚೆ ಬಂದು ನಿಂತಿದೆ. ಮಳೆ ಬಂದರೆ ನೀರು ಎದುರುಮನೆಯ ಅಂಗಳಕ್ಕೆ ನುಗ್ಗುತ್ತದೆ. ಆ ವಿಚಾರ ಬಡಾವಣೆಯ ಸಂಘದ ಸಭೆಯಲ್ಲಿ ಎದ್ದಾಗಲೆಲ್ಲ ಅವರಿಗೆ ಬ್ಯಾಂಕಿನಲ್ಲಿ ಆಡಿಟ್ ಇರುತ್ತದೆ.

2025ರಲ್ಲಿ 'ಕಾಂತಾರ: ಚಾಪ್ಟರ್ 1' ಬರುವುದಕ್ಕೆ ಮುಂಚೆ ಮೊಬೈಲಿನಲ್ಲಿ ಒಂದು ಪೋಸ್ಟರ್ ಹರಿದಾಡಿತು. ಸಿನಿಮಾ ನೋಡುವವರೆಗೂ ಮದ್ಯ, ಸಿಗರೇಟು, ಮಾಂಸ ಮುಟ್ಟಬಾರದು ಎಂಬ ವ್ರತದ ಪೋಸ್ಟರ್. ರೋಮಾಂಚನಪ್ಪನವರು ಅಂದೇ ಸಂಕಲ್ಪ ಮಾಡಿದರು. ಅದು ಯಾರೋ ಹಬ್ಬಿಸಿದ ಸುಳ್ಳು, ಚಿತ್ರತಂಡಕ್ಕೂ ಇದಕ್ಕೂ ಸಂಬಂಧವಿಲ್ಲ, ಜನರ ಊಟದ ಅಭ್ಯಾಸವನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ ಎಂದು ರಿಷಬ್ ಶೆಟ್ಟಿಯವರೇ ಪತ್ರಕರ್ತರ ಮುಂದೆ ಹೇಳಿದರು. ಇವರು ಜಗ್ಗಲಿಲ್ಲ. "ಅವರು ದೊಡ್ಡವರು, ಹಾಗೇ ಹೇಳ್ತಾರೆ. ನಮ್ಮ ನೇಮ ನಮಗೆ." ಭಾನುವಾರ ಮನೆಯಲ್ಲಿ ಕೋಳಿಸಾರು ಕುದಿಯುವಾಗ ಮಹಡಿ ಮೇಲೆ ಹೋಗಿ ಕೂತು ಮೊಸರನ್ನ ತಿಂದರು. ವಾಸನೆಗೆ ವ್ರತವಿಲ್ಲ ಎಂದು ಕಿಟಕಿ ಮಾತ್ರ ತೆರೆದಿಟ್ಟಿದ್ದರು. ಚಿತ್ರ ಬಿಡುಗಡೆಯಾದ ಅಕ್ಟೋಬರ್ 2 ವಿಜಯದಶಮಿ, ಜೊತೆಗೆ ಗಾಂಧಿ ಜಯಂತಿ. ವ್ರತ ಬಿಡೋಣವೆಂದು ಥಿಯೇಟರಿನಿಂದ ನೇರ ಹೋಟೆಲಿಗೆ ಹೋದರೆ ಅಲ್ಲಿ ಚಿತ್ರಾನ್ನ ಮಾತ್ರ ಇತ್ತು.

ಥಿಯೇಟರಿನಲ್ಲಿ ಅವರನ್ನು ನೋಡುವುದು ಬೇರೆಯದೇ ಸಿನಿಮಾ. ಮಲ್ಟಿಪ್ಲೆಕ್ಸಿನ ಕಾರ್ಪೆಟ್ ಹಾಸಿದ ದಾರಿಯಲ್ಲೇ ಬೂಟು ಕಳಚಿ ಬಗಲಲ್ಲಿಟ್ಟುಕೊಂಡರು. ಏಸಿಗೆ ಪಾದ ಮರಗಟ್ಟಿದಾಗ ಹೆಂಡತಿಯ ವ್ಯಾನಿಟಿ ಬ್ಯಾಗಿನ ಮೇಲೆ ಇಟ್ಟರು. "ರೀ, ಅದರಲ್ಲಿ ಕುಂಕುಮ ಇದೆ" ಎಂದು ಆಕೆ ಗದರಿದ ಮೇಲೆ ತೆಗೆದರು. ದೈವ ಬರುವಾಗ ಎರಡೂ ಕೈ ಜೋಡಿಸಿದರು. ಜೋಡಿಸಿದ ಕೈಗಳ ನಡುವೆ ಮೊಬೈಲು ಇತ್ತು, ಅದು ರೆಕಾರ್ಡ್ ಮಾಡುತ್ತಿತ್ತು. ಪಕ್ಕದ ಸಾಲಿನಲ್ಲಿ ಮಗು ಕೆಮ್ಮಿದ್ದಕ್ಕೆ "ಶ್, ಮರ್ಯಾದೆ ಇರಲಿ" ಎಂದರು. ಅಷ್ಟರಲ್ಲಿ ಅವರದೇ ಫೋನು 'ವರಾಹ ರೂಪಂ' ಎಂದು ಹಾಡತೊಡಗಿತು. ಹಳೆಯ ಚಿತ್ರದ ಹಾಡು ಹೊಸ ಚಿತ್ರದ ನಡುವೆ ಬಂದದ್ದನ್ನು ಹಿಂದಿನ ಸಾಲಿನವರು ನಿರ್ದೇಶಕರ ಜಾಣ್ಮೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಆಟ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಹುಡುಗನೊಬ್ಬ ಅಂಗಿ ಕಿತ್ತೆಸೆದು, ಬನಿಯನ್ನಿನಲ್ಲಿ ನಿಂತು, ಮೈ ನಡುಗಿಸಿ ಕೂಗತೊಡಗಿದ. ರೋಮಾಂಚನಪ್ಪನವರು ಎದ್ದವರೇ ಅವನ ಮುಂದೆ ಕೈಮುಗಿದು, ಮಗಳ ಟ್ರಾನ್ಸ್‌ಫರ್ ವಿಷಯ ಅರಿಕೆ ಮಾಡಿಕೊಂಡರು. ಹುಡುಗ ಒಂದು ಗಳಿಗೆ ನಡುಕ ನಿಲ್ಲಿಸಿ, ಇವರ ಭುಜದ ಮೇಲಿಂದ ಗೆಳೆಯನನ್ನು ಕೇಳಿದ: "ವಿಡಿಯೋ ಬಂತಾ ಮಗಾ? ಈ ಅಂಕಲ್ ಅಡ್ಡ ಬಂದ್ರು."

ಇಂಥ ಹುಡುಗರು ಊರೂರಲ್ಲೂ ಎದ್ದರು. ದೈವದ ವೇಷ, ಕೂಗು ಅನುಕರಿಸಬೇಡಿ, ತುಳುನಾಡಿನ ಜನರ ನಂಬಿಕೆಗೆ ನೋವಾಗುತ್ತದೆ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯೇ ಮನವಿ ಮಾಡಬೇಕಾಯಿತು. ಆ ನಾಡಿನಲ್ಲಿ ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಎಣ್ಣೆಬೂಳ್ಯ ಅಂದರೆ ಎಣ್ಣೆ ವೀಳ್ಯ ಪಡೆದು, ಮುಖಕ್ಕೆ ಅರದಾಳ ಬಳಿದು, ತೆಂಗಿನ ಸಿರಿ ಉಟ್ಟು, ಕಾಲಿಗೆ ಗಗ್ಗರ ಕಟ್ಟಿ, ರಾತ್ರಿಯಿಡೀ ಅಂಗಳದಲ್ಲಿ ನಿಲ್ಲಬೇಕು. ಮೊದಲ 'ಕಾಂತಾರ' ಗೆದ್ದಾಗ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ರೋಮಾಂಚನಪ್ಪನವರು ಮನೆಮಂದಿಯನ್ನು ಕರೆದುಕೊಂಡು ಹೋಗಿ, ಪಾಪ್‌ಕಾರ್ನ್ ತಿನ್ನಿಸಿ ತಂದ ಖರ್ಚು ಅದಕ್ಕಿಂತ ಜಾಸ್ತಿ.

ಎರಡು ಸಿನಿಮಾ ಮತ್ತು ಅಸಂಖ್ಯಾತ ಯೂಟ್ಯೂಬ್ ವಿಡಿಯೋಗಳ ಬಲದಿಂದ ಅವರು ಈಗ ದೈವ ವಿಷಯದಲ್ಲಿ ಪಂಡಿತರು. ಅಂಥ ಪಾಂಡಿತ್ಯ ಕೇಳುವ ಕಿವಿಯನ್ನು ಹುಡುಕುತ್ತದೆ. ಅದು ಹುಡುಕಿಕೊಂಡು ಹೋದದ್ದು ಎದುರುಮನೆಗೆ. ಅಲ್ಲಿ ಮಗನ ಜೊತೆ ಇರಲು ಬಂದ ವಯಸ್ಸಾದ ಅಮ್ಮ ಒಬ್ಬರಿದ್ದಾರೆ. ಬಂಟ್ವಾಳದ ಕಡೆಯವರು. ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು. ನಾನು ಸಂಘದ ಚಂದಾಕ್ಕೆಂದು ಅಲ್ಲೇ ನಿಂತಿದ್ದೆ.

"ಅಮ್ಮ, ಪಂಜುರ್ಲಿ ಅಂತ ಒಂದು ದೈವ ಇದೆ, ಗೊತ್ತಾ?" ಎಂದು ಶುರುಮಾಡಿದರು ರೋಮಾಂಚನಪ್ಪನವರು.

"ಹೌದಾ ಮಾರಾಯ್ರೆ?" ಅಂದರು ಅಮ್ಮ. ಅವರ ತವರುಮನೆಯಲ್ಲಿ ಕಲ್ಲುರ್ಟಿ ಪಂಜುರ್ಲಿಗೆ ವರ್ಷ ವರ್ಷ ನೇಮ, ಅಂದರೆ ದೈವದ ಉತ್ಸವ, ನಡೆಯುತ್ತದೆ ಎಂಬುದು ನನಗೆ ಗೊತ್ತಿತ್ತು. ಅಮ್ಮ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅರ್ಧ ಗಂಟೆ ಅವರಿಗೇ ಅವರ ದೈವದ ಪರಿಚಯ ನಡೆಯಿತು. ಕೊನೆಗೆ ವ್ರತದ ಸುದ್ದಿ ಬಂತು. ಅಮ್ಮ ಕತ್ತೆತ್ತಿದರು.

"ಕೋಳಿ ಎಂತಕ್ಕೆ ಬಿಟ್ಟದ್ದು?"

"ದೈವಕ್ಕೆ ಅಮ್ಮ."

"ನಮ್ಮಲ್ಲಿ ದೈವಕ್ಕೇ ಕೋಳಿ ಕೊಡುವುದು. ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಇಡ್ತೇವೆ."

ರೋಮಾಂಚನಪ್ಪನವರ ಮುಖದಲ್ಲಿ, ಮಹಡಿಯ ಮೊಸರನ್ನವೂ ತೆರೆದಿಟ್ಟ ಕಿಟಕಿಯೂ ಒಂದೊಂದಾಗಿ ಹಾದುಹೋದವು. ಆ ಭಾನುವಾರದ ಸಾರು ಮತ್ತೆ ಬರುವುದಿಲ್ಲ. ಆದರೂ ಪಂಡಿತರು ಸೋಲುವವರಲ್ಲ. "ಅದಿರಲಿ, ನೀವು ಚಿಕ್ಕಂದಿನಿಂದ ನೋಡಿದವರು. ನಿಮಗೆ ಆ ಕೂಗು ಕೇಳಿದರೆ ಭಯ ಆಗಲ್ವಾ?"

"ಕೂಗಿಗೆ ಎಂತ ಹೆದರುವುದು ಮಾರಾಯ್ರೆ? ಹೆದರಿಕೆ ಕೂಗು ನಿಂತ ಮೇಲೆ. ದೈವ ಎದುರು ಬಂದು ನಿಲ್ತದೆ. ಕುಟುಂಬದವರೆಲ್ಲ ಕೈಮುಗಿದು ನಿಂತಿರ್ತೇವೆ. ಆಮೇಲೆ ಒಬ್ಬೊಬ್ಬರನ್ನೇ ಕೇಳ್ತದೆ. ನಮ್ಮ ಭಾವ ಒಮ್ಮೆ ತೋಟದ ಗಡಿಕಲ್ಲು ಮೂರು ಅಡಿ ಆಚೆ ಹಾಕಿದ್ದರು. ಕೋರ್ಟಿನಲ್ಲಿ ಗೆದ್ದೂ ಇದ್ದರು. ನೇಮದ ದಿನ ದೈವ, ಕಲ್ಲು ನಡೆದುಕೊಂಡು ಹೋದದ್ದಾ ಅಂತ ಕೇಳಿತು, ಅಷ್ಟೇ. ಬೆಳಕು ಹರಿಯುವ ಮೊದಲು ಭಾವನೇ ಹಾರೆ ತೆಗೆದುಕೊಂಡು ಹೋಗಿ ಕಲ್ಲು ಈಚೆ ನೆಟ್ಟರು."

ರೋಮಾಂಚನಪ್ಪನವರು ಏನೂ ಅನ್ನಲಿಲ್ಲ. ಅವರ ಬೆನ್ನ ಹಿಂದೆ, ಬೀದಿಯಾಚೆ, ಶೆಡ್ಡಿನ ಗೋಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಮಾರ್ಚಿನಲ್ಲಿ ನಮ್ಮಲ್ಲಿ ನೇಮ ಉಂಟು. ನೀವು ಇಷ್ಟು ಭಕ್ತಿಯವರು, ಬನ್ನಿ" ಎಂದರು ಅಮ್ಮ.

"ಮಾರ್ಚ್ ಅಂದ್ರೆ ಇಯರ್ ಎಂಡಿಂಗು ಅಮ್ಮ, ರಜ ಸಿಗಲ್ಲ" ಎಂದವರು ಗೇಟಿನ ತನಕ ಹೋಗಿ ತಿರುಗಿ ನಿಂತರು. "ಅದು ಒಟಿಟಿಗೆ ಬರುತ್ತಾ?"

ಮುಂದಿನ ವಾರ ಬಡಾವಣೆಯಲ್ಲೊಂದು ಸುದ್ದಿ ಹಬ್ಬಿತು, ಕಾರ್ಪೊರೇಷನ್ನಿನವರು ಚರಂಡಿ ಒತ್ತುವರಿ ಅಳೆಯಲು ಬರುತ್ತಾರಂತೆ ಎಂದು. ರೋಮಾಂಚನಪ್ಪನವರು ಆವತ್ತೇ ಗಾರೆಯವನನ್ನು ಕರೆಸಿ ಶೆಡ್ಡಿನ ಗೋಡೆಗೆ ದೊಡ್ಡದೊಂದು ಟೈಲ್ಸ್ ಹಾಕಿಸಿದರು. ಅದರ ಮೇಲೆ ಹಂದಿಮುಖದ ಪಂಜುರ್ಲಿ. "ಇನ್ನು ಯಾರು ಮುಟ್ತಾರೋ ನೋಡೋಣ. ಒಡೆಯೋಕೆ ಬಂದೋರಿಗೂ ಸ್ವಲ್ಪ ಭಯ ಇರಲಿ" ಎಂದು ಎದುರುಮನೆಯ ಅಮ್ಮನನ್ನು ಕರೆದು ತೋರಿಸಿದರು. "ಹೇಗಿದೆ ಅಮ್ಮ? ಕಾವಲಿಗೆ ಕೂರಿಸಿದೀನಿ."

ಅಮ್ಮ ದೂರದಿಂದಲೇ ಕೈಮುಗಿದರು. ಆಮೇಲೆ ಗೋಡೆಯ ಬುಡವನ್ನೊಮ್ಮೆ, ಚರಂಡಿಯನ್ನೊಮ್ಮೆ ನೋಡಿ ಹೇಳಿದರು:

"ಕಾವಲಿಗೆ ಅಂತ ನೀವು ಹೇಳುವುದು. ಅದು ಕೂತದ್ದು ಅಳತೆಗೆ."