ಲಕ್ಕುಂಡಿ ಪ್ರವಾಸದ ತಾತ್ವಿಕ ನೆಲೆಗಟ್ಟು: ಒಂದು ಬಹುಆಯಾಮೀ ಮರುಓದು

ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಗದಗ ಜಿಲ್ಲೆಯ ಲಕ್ಕುಂಡಿ ಎಂಬ ಗ್ರಾಮೀಣ ಅವಕಾಶವನ್ನು ಪ್ರವಾಸಿ ಎಂಬ ಚಲನಶೀಲ ಕರ್ತೃತ್ವದೊಂದಿಗೆ ಮುಖಾಮುಖಿಯಾಗಿಸಿ, ಆ ಮುಖಾಮುಖಿಯಿಂದ ಹೊಮ್ಮುವ ಸಂಕಥನವನ್ನು ಮಾರ್ಗ–ದೇಸಿಗಳ ದ್ವಂದ್ವಾತ್ಮಕ ಚೌಕಟ್ಟಿನೊಳಗೆ ಅನುಸಂಧಾನಕ್ಕೆ ಒಳಪಡಿಸಲು ಹವಣಿಸುತ್ತದೆ. ಇಲ್ಲಿ ಮಾರ್ಗವೆಂದರೆ ಗದಗದಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿ. ದೇಸಿಯೆಂದರೆ ಬಸ್ಸಿಳಿದ ಮೇಲೆ ಸಿಗುವುದೆಲ್ಲ. ದೂರ ಸುಮಾರು 12 ಕಿಲೋಮೀಟರು. ಸೈದ್ಧಾಂತಿಕವಾಗಿ ಹೆಚ್ಚೇ ಆಗುತ್ತದೆ.

ಅಧ್ಯಯನದ ವ್ಯಾಪ್ತಿ: ಕಲ್ಯಾಣ ಚಾಲುಕ್ಯರಿಂದ ಇಂದಿನವರೆಗೆ. ಅಧ್ಯಯನದ ಮಿತಿ: ಒಂದೂವರೆಗೆ ಊಟ.

ಪೂರ್ವಸೂರಿಗಳು

ಈ ವಿಷಯದಲ್ಲಿ ಈಗಾಗಲೇ ನಡೆದಿರುವ ಕೆಲಸವನ್ನು ಸಂಶೋಧಕರು ಎರಡು ವಿಚಾರಸಂಕಿರಣಗಳ ನಡುವೆ ಸಿಕ್ಕಿದಷ್ಟು ಓದಿದ್ದಾರೆ. ಎಲ್ಲ ಪ್ರಬಂಧಗಳೂ ‘ಬಹುತ್ವದ ನೆಲೆಯಲ್ಲಿ’ ಶುರುವಾಗಿ ‘ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿದೆ’ ಎಂಬಲ್ಲಿ ಮುಗಿಯುತ್ತವೆ. ನಡುವೆ ಎಲ್ಲಾದರೂ ಕಲ್ಲು ಬರುತ್ತದೆಯೇ ಎಂದು ಹುಡುಕಿದೆ. ಒಂದರಲ್ಲಿ ಬಂದಿತ್ತು, ‘ಶಿಲಾಮಾಧ್ಯಮ’ ಎಂಬ ವೇಷದಲ್ಲಿ.

ಆ ಶಿಲಾಮಾಧ್ಯಮಕ್ಕೆ ನಮ್ಮ ಕಡೆ ಬಳಪದ ಕಲ್ಲು ಅನ್ನುತ್ತಾರೆ. ಬಾದಾಮಿ, ಪಟ್ಟದಕಲ್ಲಿನವರು ಮರಳುಗಲ್ಲು ಕಡೆದರು. ಇಲ್ಲಿಯವರಿಗೆ ಈ ಮೆತ್ತನೆಯ ಕಲ್ಲು ಸಿಕ್ಕಿತು, ಉಳಿ ಇನ್ನಷ್ಟು ಸಣ್ಣದಾಯಿತು. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಮುಂದೆ ನಿಂತರೆ ಇದಕ್ಕೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ಬಳ್ಳಿ ಸುತ್ತಿ ಬಂದಿದೆ, ಅದರ ಪಕ್ಕಕ್ಕೆ ಇನ್ನೊಂದು ಪಟ್ಟಿ, ಅದರ ಪಕ್ಕಕ್ಕೆ ಮತ್ತೊಂದು. ಪ್ರತಿ ಸುರುಳಿಯ ಹಿಂದೆ ಕಲ್ಲನ್ನು ಎಷ್ಟು ಒಳಕ್ಕೆ ಕೆತ್ತಿದ್ದಾರೆಂದರೆ ಬಳ್ಳಿ ಬಾಗಿಲಿಗೆ ಅಂಟಿಕೊಂಡಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಪಶ್ಚಿಮಕ್ಕೆ ಶಿವನ ಗುಡಿ. ಅದಕ್ಕೆದುರಾಗಿ, ಅದೇ ಜಗಲಿಯ ಮೇಲೆ, ಸೂರ್ಯನ ಗುಡಿ. ಕ್ಷಮಿಸಿ, ಸೈದ್ಧಾಂತಿಕ ಶಿಸ್ತು ತಪ್ಪಿತು. ವರ್ಗೀಕರಣಕ್ಕೆ ಬರೋಣ.

ಪ್ರವಾಸಿಗಳ ವರ್ಗೀಕರಣ

ಪ್ರವಾಸಿಗಳಲ್ಲಿ ಐದು ಪಂಥಗಳು.

ಮೊದಲನೆಯದು ಪೂರೈಕೆವಾದಿ ಪಂಥ. ಇವರ ಆಧಾರಸೂತ್ರ, ‘ಬೆಳಿಗ್ಗೆ ಲಕ್ಕುಂಡಿ, ಹನ್ನೊಂದಕ್ಕೆ ಡಂಬಳ, ಮಧ್ಯಾಹ್ನ ಇಟಗಿ, ರಾತ್ರಿ ಹಂಪಿ’. ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಸುತ್ತು ಹಾಕುತ್ತ ಗೋಡೆಯ ಮೂಲೆಗಳನ್ನು ಎಣಿಸಿದರೆ ಎರಡು ಸಲವಾದರೂ ಲೆಕ್ಕ ತಪ್ಪುತ್ತದೆ. ಪೂರೈಕೆವಾದಿಗೆ ಲೆಕ್ಕ ತಪ್ಪುವಷ್ಟು ಪುರುಸೊತ್ತಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಚಕ್ರವರ್ತಿಗೆ ಈ ಪಂಥ ಕೊಡುವ ದರ್ಶನಾವಧಿ, ಚಾಲಕ ಚಾ ಕುಡಿದು ಬರುವಷ್ಟು.

ಎರಡನೆಯದು ಹಂಪಿಸಾಪೇಕ್ಷವಾದಿ ಪಂಥ. ಇವರಿಗೆ ಯಾವ ಊರೂ ತಾನೇ ತಾನಾಗಿ ಇರಕೂಡದು. ಕಂಬ ಕಂಡರೆ ‘ಬೇಲೂರಿನಷ್ಟಿಲ್ಲ’, ಬಾವಿ ಕಂಡರೆ ‘ಗುಜರಾತಿನಲ್ಲಿ ಇದಕ್ಕಿಂತ ದೊಡ್ಡದಿದೆ’. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯಲ್ಲಿ ಮೆಟ್ಟಿಲಿಳಿಯುತ್ತ ಹೋದರೆ ಗೋಡೆಯಲ್ಲಿ ಪುಟ್ಟಪುಟ್ಟ ಗುಡಿಗೂಡುಗಳು ಸಿಗುತ್ತವೆ. ನೀರು ಸೇದಲು ಬಂದವರು ದೇವರ ಮುಂದಿನಿಂದಲೇ ಇಳಿಯಬೇಕು ಎಂದು ಯೋಚಿಸಿದವನ ತಲೆಗೆ ಶರಣು. ಹಂಪಿಸಾಪೇಕ್ಷವಾದಿ ಮೇಲಿನ ಮೆಟ್ಟಿಲಲ್ಲೇ ನಿಂತಿರುತ್ತಾನೆ. ಬೇಲೂರಿನ ಹೊಯ್ಸಳರ ಇಮ್ಮಡಿ ವೀರಬಲ್ಲಾಳನೇ ಕೆಲಕಾಲ ಈ ಲಕ್ಕುಂಡಿಯನ್ನು, ಅಂದಿನ ಲೊಕ್ಕಿಗುಂಡಿಯನ್ನು, ರಾಜಧಾನಿ ಮಾಡಿಕೊಂಡಿದ್ದ ಎಂದು ಹೇಳಿದರೆ ‘ಹೌದೇನ್ರೀ?’ ಎಂದು ಬೇಲೂರಿನ ಮೇಲೆಯೇ ಅನುಮಾನಪಡುತ್ತಾನೆ.

ಮೂರನೆಯದು, ನಾನೂ ಸದಸ್ಯತ್ವ ಶುಲ್ಕ ಕಟ್ಟಿರುವ ವಿಚಾರಸಂಕಿರಣ ಪಂಥ. ಹತ್ತಕ್ಕೆ ಉದ್ಘಾಟನೆ ಎಂದು ಅಚ್ಚಾಗಿ, ಹನ್ನೊಂದೂಮುಕ್ಕಾಲಿಗೆ ಗಿಡಕ್ಕೆ ನೀರೆರೆದು, ಶಾಲು ಹೊದಿಸಿ, ಆಶಯ ಭಾಷಣದವರು ಆಶಯ ಬಿಟ್ಟು ಉಳಿದೆಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ, ತಿಂಗಳುಗಟ್ಟಲೆ ಓದಿಕೊಂಡು ಬಂದ ಹುಡುಗಿಯ ಪ್ರಬಂಧಕ್ಕೆ ಐದು ನಿಮಿಷ ಉಳಿದಿರುತ್ತದೆ. ಮೂರನೇ ನಿಮಿಷಕ್ಕೆ ಚೀಟಿ: ‘ಬೇಗ ಮುಗಿಸಿ’. ಆಕೆ ಅತ್ತಿಮಬ್ಬೆಯ ಬಗ್ಗೆ ಓದುತ್ತಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ, ರನ್ನನ ಅಜಿತಪುರಾಣಕ್ಕೆ ಆಶ್ರಯ ಕೊಟ್ಟ, 1007ರಲ್ಲಿ ಇದೇ ಊರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಹೆಣ್ಣುಮಗಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ! ಚೀಟಿ ಕಳಿಸಿದವರು ತಮ್ಮ ಅಧ್ಯಕ್ಷ ಭಾಷಣದಲ್ಲಿ ‘ಸ್ತ್ರೀ ಸಂವೇದನೆಯ ಬಹುಸ್ತರೀಯ ನೆಲೆಗಳು’ ಎಂದು ನಲವತ್ತು ನಿಮಿಷ ಮಾತಾಡಿದರು. ಅತ್ತಿಮಬ್ಬೆಯ ಹೆಸರು ಬರಲಿಲ್ಲ.

ನಾಲ್ಕನೆಯ ಪಂಥಕ್ಕೊಂದು ಒಳ್ಳೆಯ ಹೆಸರು ಇಟ್ಟಿದ್ದೆ. ಬಿಡಿ. ಐದನೆಯದರ ಬಗ್ಗೆಯೂ ಉತ್ಸಾಹ ಉಳಿದಿಲ್ಲ.

ಕ್ಷೇತ್ರಕಾರ್ಯ

ಅದೇ ವಿಚಾರಸಂಕಿರಣದ ಮಧ್ಯಾಹ್ನ ‘ಕ್ಷೇತ್ರಕಾರ್ಯ’ವೆಂದು ಎಲ್ಲರನ್ನೂ ಬಸ್ಸಿಗೆ ತುಂಬಿ ಸ್ಮಾರಕವೊಂದಕ್ಕೆ ಕರೆದೊಯ್ದರು. ಯಾವುದೆಂದು ಹೇಳುವುದಿಲ್ಲ, ಈ ಸೀಮೆಯದೇ. ಬಸ್ಸಿನಲ್ಲಿ ವಿದ್ಯಾರ್ಥಿನಿಯರ ಕೈಯಲ್ಲಿದ್ದ ನೀರಿನ ಬಾಟಲಿಗಳ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಅಂಥ ಬಿಸಿಲಲ್ಲಿ! ‘ಕುಡಿದರೆ ಎಲ್ಲಿಗೆ ಹೋಗೋದು ಮೇಡಂ?’ ಎಂದಳೊಬ್ಬಳು, ಗಡಿಯಾರ ನೋಡಿ ಸಮಯ ಹೇಳುವಷ್ಟು ಸಹಜವಾಗಿ. ಅಲ್ಲಿ ಶೌಚಾಲಯವೆಂಬ ಕಟ್ಟಡವಿತ್ತು, ಬೀಗವೂ ಇತ್ತು. ಕೀಲಿ ಯಾರ ಹತ್ತಿರವಿದೆಯೆಂಬುದು ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿರುವ ವಿಷಯ.

ಗುಡಿಗೆ ಹೊಂದಿಕೊಂಡ ಓಣಿಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಮುದುಕಿ ಮೊರ ಕೆಳಗಿಟ್ಟು, ‘ಬರ್ರವ್ವಾ, ನಮ್ಮ ಹಿತ್ತಲದಾಗ ಐತಿ, ನಾಚಬ್ಯಾಡ್ರಿ’ ಎಂದು ಎದ್ದಳು. ಹುಡುಗಿಯರೆಲ್ಲ ಸಾಲಾಗಿ ಅವಳ ಮನೆಯೊಳಗೆ ಹೋಗಿಬಂದರು. ಆಕೆ ಬಿಂದಿಗೆಯಲ್ಲಿ ತಂದಿಟ್ಟಿದ್ದ ನೀರನ್ನು ತುಂಬಿ ತುಂಬಿ ಕೊಟ್ಟಳು. ನಮ್ಮ ಬಸ್ಸಿನ ಹಿರಿಯ ವಿದ್ವಾಂಸರೊಬ್ಬರು ಆ ಹೊತ್ತಿಗೆ ಅವಳ ಮನೆಯ ಗೋಡೆ ತೋರಿಸಿ, ಜನವಸತಿಯಿಂದ ಸ್ಮಾರಕದ ‘ದೃಶ್ಯಸಮಗ್ರತೆ’ ಹೇಗೆ ಭಂಗವಾಗಿದೆ ಎಂದು ವಿವರಿಸುತ್ತಿದ್ದರು.

‘ಏನ್ ಮಾಡಾಕ ಬಂದೀರವ್ವಾ?’

‘ಗುಡಿ ಬಗ್ಗೆ ಸೆಮಿನಾರ್ ಐತಿ ಅಮ್ಮಾ, ಎರಡು ದಿನ.’

‘ಎರಡು ದಿನಾ ಮಾತಾಡ್ತೀರಿ? ಈ ಗಟಾರದ ಸುದ್ದಿ ತೆಗೀರಿ ಮತ್ತ. ಮಳಿ ಆದ್ರ ಒಳಗ ಬರ್ತೈತಿ. ಕೇಳಿದ್ರ ಗುಡಿ ಕಾಯ್ದೆ ಅಂತಾರ.’

ಕಾಯ್ದೆಯನ್ನು ಆಮೇಲೆ ಓದಿದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ. ಮನೆಗೆ ಮಗ್ಗುಲಲ್ಲೊಂದು ಕೋಣೆ ಎಬ್ಬಿಸುವಂತಿಲ್ಲ. ಸರಿ, ಗುಡಿ ಉಳಿಯಬೇಕಲ್ಲ. ಆದರೆ ಅದೇ ಕಾಯ್ದೆ ಯಾವುದು ‘ನಿರ್ಮಾಣ’ ಅಲ್ಲ ಎಂದೂ ಹೇಳಿದೆ: ಚರಂಡಿ ಕೆಲಸ ಅಲ್ಲ, ಸಾರ್ವಜನಿಕ ಶೌಚಾಲಯ ಅಲ್ಲ. ದೆಹಲಿಯಲ್ಲಿ ಕೂತು ಕಾಯ್ದೆ ಬರೆದವರಿಗೆ ಹೊಳೆದದ್ದು ಈ ನೆಲದಲ್ಲಿ ನಿಂತು ಸಂಕಥನ ಕಟ್ಟುವ ನಮಗೆ ಹೊಳೆಯಲಿಲ್ಲ. ಸಾವಿರ ವರ್ಷದ ಹಿಂದಿನ ಒಬ್ಬ ಹೆಣ್ಣುಮಗಳ ದಾನವನ್ನು ಹಾಡಿ ಹೊಗಳುತ್ತೇವೆ, ಅದನ್ನು ನೋಡಲು ಬರುವ ಹೆಣ್ಣುಮಗಳನ್ನು ಬಾಯಾರಿಸಿ ಕರೆತರುತ್ತೇವೆ. ಇದಕ್ಕೆ ಯಾವ ಚೌಕಟ್ಟು ಹೊಂದುತ್ತದೋ ಬಲ್ಲವರು ಹೇಳಲಿ.

ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಮಾನ್ಯತೆಯೂ ಸಿಕ್ಕಿತು. ಅದನ್ನೂ ತೋರಿಸುತ್ತೇವೆಂದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. ಪ್ರಮಾಣಪತ್ರ ವಿತರಣೆ ತಡವಾದ್ದರಿಂದ ಹೆಬ್ಬಾತುಗಳನ್ನು ಕೈಬಿಡಲಾಯಿತು.

ನಿರ್ಣಯ ಮಂಡನೆ

ಸಮಾರೋಪದಲ್ಲಿ ‘ಈ ನೆಲದ ಸಾಂಸ್ಕೃತಿಕ ಅನನ್ಯತೆಯನ್ನು ಜಾಗತಿಕ ನೆಲೆಗೆ ಕೊಂಡೊಯ್ಯಬೇಕು’ ಎಂಬ ನಿರ್ಣಯಕ್ಕೆ ಚಪ್ಪಾಳೆ ಬಿತ್ತು. ನಾನು ಎದ್ದು ಶೌಚಾಲಯದ ಕೀಲಿ, ಆ ಓಣಿಯ ಗಟಾರ ಎಂದೆ. ಅಧ್ಯಕ್ಷರು ಮೈಕು ಹತ್ತಿರಕ್ಕೆಳೆದುಕೊಂಡು, ‘ಅದು ವಿಷಯಾಂತರವಾಗುತ್ತದೆ’ ಎಂದರು. ಹಿಂದಿನ ಸಾಲಿನ ಹುಡುಗಿಯರು ತಿರುಗಿ ನನ್ನನ್ನು ನೋಡಿದರು.

ಮುಂದಿನ ವರ್ಷ ಇದೇ ವಿಷಯದ ಮೇಲೆ ಅಂತರರಾಷ್ಟ್ರೀಯ ವಿಚಾರಸಂಕಿರಣ. ಪ್ರಬಂಧ ಕಳಿಸಲು ನನಗೂ ಪತ್ರ ಬಂದಿದೆ, ನೋಂದಣಿ ಶುಲ್ಕ ಪ್ರತ್ಯೇಕ.