ತಗಡು ಕಿವಿಗೆ ಎಷ್ಟು ಮಾರ್ಕ್ಸು?

ತಂಗಿಯ ಮಗ ಕೆನಡಾದಿಂದ ಫೋನ್ ಮಾಡಿದ್ದು ಬೆಳಗಿನ ಆರಕ್ಕೆ. ಒಲೆಯ ಮೇಲೆ ಹಾಲಿತ್ತು. "ದೊಡ್ಡಮ್ಮಾ, ಅನ್ಯಾಯ ಆಗಿಹೋಯ್ತು, ನಂಗೆ ಬಿ ಬಂದಿದೆ" ಅಂದ. ಬಿಪಿ ಬಂತೇನೋ ಅಂತ ಎದೆ ಧಸಕ್ಕೆಂದಿತು. ಗ್ರೇಡಂತೆ. ಅಷ್ಟರಲ್ಲಿ ಹಾಲು ಉಕ್ಕಿತು.

ಓದುವುದು ಕಂಪ್ಯೂಟರ್ ಸೈನ್ಸು, ಬಿ ಬಂದಿದ್ದು ಅಲ್ಲಿಯ ಮೂಲನಿವಾಸಿಗಳ ಅಧ್ಯಯನದ ಒಂದು ಪೇಪರಿನಲ್ಲಿ. ಸಲೀಸಾಗಿ ದಾಟುವ ಪೇಪರಿಗೆ ಅಲ್ಲಿನ ಹುಡುಗರು 'ಬರ್ಡ್ ಕೋರ್ಸ್' ಅಂತಾರೆ. ರೆಕ್ಕೆ ಬಡಿದರೆ ಸಾಕು, ಪಾಸು. ಇದೂ ಅದೇ ಜಾತಿಯದು ಅಂತ ಯಾರೋ ಸೀನಿಯರ್ ಕಿವಿಯೂದಿದ್ದ. ನಮ್ಮ ಹಕ್ಕಿ ಹೋಗಿ ಕಿಟಕಿ ಗಾಜಿಗೆ ಬಡಿದುಕೊಂಡಿತು.

ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳಿ, ಮೂಟೆಗಟ್ಟಲೆ ಉತ್ತರಪತ್ರಿಕೆ ತಿದ್ದಿದವಳು ನಾನು. ನಿಯಮ ಏನಿದೆಯೋ ಕಳಿಸು ಅಂದೆ. ಬಂತು, ಹನ್ನೊಂದು ಪುಟ. ಪ್ರಬಂಧಕ್ಕೆ ಇಷ್ಟು, ವಾರಕ್ಕೊಂದು ಜರ್ನಲಿಗೆ ಇಷ್ಟು, ತಡವಾದರೆ ದಿನಕ್ಕಿಷ್ಟು ಕಡಿತ. ಇವೆಲ್ಲ ನನಗೆ ಅರ್ಥವಾಗುವ ಭಾಷೆ. ಜರ್ನಲಿನಲ್ಲಿ ನಿಮ್ಮ ಭಾವನೆಗೆ ಮಾರ್ಕ್ಸಿಲ್ಲ, ಓದಿದ್ದಕ್ಕೂ ಅನಿಸಿದ್ದಕ್ಕೂ ಗಂಟು ಹಾಕಿದ್ದೀರಾ ಅನ್ನುವುದಕ್ಕೆ ಮಾರ್ಕ್ಸು ಅಂತಲೂ ಬರೆದಿತ್ತು. ಭೇಷ್. ಮುಂದಿನ ಸಾಲಿನಲ್ಲಿ ನನ್ನ ಕನ್ನಡಕ ಜಾರಿತು. ಕೇಳಿಸಿಕೊಳ್ಳುವುದಕ್ಕೂ ಮಾರ್ಕ್ಸು!

ತರಗತಿಯಲ್ಲಿ ಎಲ್ಲರೂ ವೃತ್ತವಾಗಿ ಕೂರಬೇಕು. ಒಂದು ಗರಿ ಕೈಯಿಂದ ಕೈಗೆ ಸುತ್ತುತ್ತದೆ. ಗರಿ ಹಿಡಿದವರು ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಹುಡುಗನೋ, ಭಾಗವಹಿಸುವುದು ಅಂದರೆ ಬಾಯಿ ಹಾಕುವುದು ಅಂದುಕೊಂಡವನು. ಟ್ಯೂಷನ್ನಿನಲ್ಲಿ ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಕೈಯೆತ್ತಿ ಬೆಳೆದ ಕೂಸು. ಗರಿ ಎಲ್ಲಿದ್ದರೂ ಮಾತು ಮಾತ್ರ ಇವನ ಹತ್ತಿರವೇ.

"ನೀನು ಆ ಜಡ್ಜು ಇದ್ದಹಾಗೆ ಕಣೋ" ಅಂದೆ. ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ನೆಲ ತಮ್ಮದೆಂದು ಕೋರ್ಟಿಗೆ ಹೋಗಿದ್ದರು. ಅವರ ಪಹಣಿ, ಪತ್ರ, ಸರ್ವೆ ನಂಬರ್ ಎಲ್ಲವೂ ಹಾಡು ಮತ್ತು ಕಥೆಯಲ್ಲಿತ್ತು. ಮೇರಿ ಜಾನ್ಸನ್ ಎಂಬ ಹಿರಿಯಜ್ಜಿ ಸಾಕ್ಷಿ ಹೇಳುತ್ತ ಹಾಡಬೇಕೆಂದಾಗ, ನ್ಯಾಯಾಧೀಶ ಅಲನ್ ಮೆಕೆಕರ್ನ್ ತಮ್ಮದು ಸಂಗೀತ ಹತ್ತದ ತಗಡು ಕಿವಿ, ಹಾಡಿದರೆ ಪ್ರಯೋಜನವಿಲ್ಲ ಅಂದುಬಿಟ್ಟರು. 1991ರ ಅವರ ತೀರ್ಪಿನಲ್ಲಿ ಬಾಯಿಮಾತಿನ ಇತಿಹಾಸಕ್ಕೆ ತೂಕ ಸಿಗಲಿಲ್ಲ. 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಅದು ತಪ್ಪು ಅಂದಿತು: ಬಾಯಿಂದ ಬಾಯಿಗೆ ಬಂದ ಚರಿತ್ರೆಗೂ ಕಾಗದದ ಪಕ್ಕದಲ್ಲೇ ಜಾಗ ಕೊಡಬೇಕು, ವಿಚಾರಣೆ ಹೊಸದಾಗಿ ನಡೆಯಲಿ. ಡೆಲ್ಗಮೂಕ್ ಪ್ರಕರಣ ಅಂತ ಹೆಸರು. ಇಂಥ ದೇಶದಲ್ಲಿ ಕಿವಿಗೆ ಮಾರ್ಕ್ಸ್ ಇಟ್ಟರೆ ತಪ್ಪೇನು ಹೇಳಿ?

ಇನ್ನೊಂದು ರಾಮಾಯಣ ತಂಬಾಕಿನದು. ಮೂಲನಿವಾಸಿ ಹಿರಿಯರೊಬ್ಬರಿಂದ ತಿಳಿದುಕೊಂಡು ಪ್ರಬಂಧ ಬರೆಯಬೇಕಿತ್ತು. ಇವನಿರುವ ಬಯಲು ಸೀಮೆಯ ಕಡೆ ಹಿರಿಯರನ್ನು ಏನಾದರೂ ಕೇಳುವ ಮೊದಲು ತಂಬಾಕು ಕೊಡುವುದು ಪದ್ಧತಿ. ಇವನು ಒಂದು ಪೊಟ್ಟಣ ಕೊಂಡು ಮೇಜಿನ ಮೇಲಿಟ್ಟ. ವಿಡಿಯೋ ಕಾಲಿನಲ್ಲಿ ನನ್ನ ತಂಗಿಯ ಕಣ್ಣಿಗೆ ಬಿತ್ತು. ಎರಡು ದಿನ ಊಟ ಬಿಟ್ಟಳು. "ನಾವು ವೀಳ್ಯ ಕೊಟ್ಟು ಕರೆಯಲ್ವೇನೇ, ಹಾಗೆ" ಅಂತ ನಾನೇ ಸಮಾಧಾನ ಮಾಡಬೇಕಾಯ್ತು. ಆ ಹಿರಿಯರ ಮಾತನ್ನು ಪ್ರಬಂಧದ ಕೊನೆಯಲ್ಲಿ ಪುಸ್ತಕದ ಹಾಗೆಯೇ ದಾಖಲಿಸಬೇಕಂತೆ: ಹೆಸರು, ಯಾವ ಜನಾಂಗ, ಸರ್ಕಾರದ ಜೊತೆಗಿನ ಯಾವ ಒಪ್ಪಂದದ ನೆಲ, ಯಾವತ್ತು ಹೇಳಿದ್ದು. ಎಡ್ಮಂಟನ್ನಿನ ನಾರ್‌ಕ್ವೆಸ್ಟ್ ಕಾಲೇಜಿನಲ್ಲಿ ಇದಕ್ಕೆ ಮಾದರಿಯನ್ನೇ ರೂಪಿಸಿದ್ದಾರೆ. ಇವನು ಅದೆಲ್ಲ ಬಿಟ್ಟು 'ಒಬ್ಬ ಅಜ್ಜ ಹೇಳಿದ್ದು' ಅಂತ ಗೀಚಿದ್ದ. ಮಾರ್ಕ್ಸ್ ಹೋಯಿತು.

ನಗಬೇಡಿ, ನನ್ನದೂ ಒಂದು ಬಾಕಿಯಿದೆ. ನಾನು ಪಾಠ ಮಾಡಿದಷ್ಟು ಕಾಲವೂ ಸೋಲಿಗರು ಅಂದರೆ ಐದು ಮಾರ್ಕಿನ ಟಿಪ್ಪಣಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆ ವಿಭಾಗವೇ ಇದೆ. ನನ್ನ ಕ್ಲಾಸಿನಲ್ಲಿ ಮಾತ್ರ ಬಿಳಿಗಿರಿರಂಗನ ಬೆಟ್ಟದ ಒಬ್ಬ ಅಜ್ಜನೂ ಕುರ್ಚಿಯ ಮೇಲೆ ಕೂತಿದ್ದಿಲ್ಲ. ಟಿಪ್ಪಣಿಗೆ ನಾಲ್ಕು ಪಾಯಿಂಟು, ಕೆಳಗೆ ಗೆರೆ ಎಳೆದಿದ್ದರೆ ಅರ್ಧ ಮಾರ್ಕು ಹೆಚ್ಚು.

"ಕಂಪ್ಯೂಟರ್ ಓದೋನಿಗೆ ಇದೆಲ್ಲ ಯಾಕೆ ದೊಡ್ಡಮ್ಮಾ?" ಅಂತ ರಾಗ ಎಳೆದ. ಅಲ್ಲಿ ಸರ್ಕಾರವೂ ಚರ್ಚುಗಳೂ ಸೇರಿ ವಸತಿ ಶಾಲೆ ನಡೆಸುತ್ತಿದ್ದವು. ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ಮನೆಯಿಂದ ತೆಗೆದುಕೊಂಡು ಹೋಗಿ ಕೂಡಿಟ್ಟರು, ತಾಯಿಯ ಭಾಷೆ ಆಡಿದರೆ ಹೊಡೆದರು. ಎಷ್ಟೋ ಮಕ್ಕಳು ಮನೆಗೆ ವಾಪಸ್ ಬರಲೇ ಇಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ನಾನಾಗಲೇ ಕೆಲಸಕ್ಕೆ ಸೇರಿದ್ದೆ. 2015ರಲ್ಲಿ, ಈ ಶಾಲೆಗಳ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ ಮಾಡಬೇಕಾದ 94 ಕೆಲಸ ಪಟ್ಟಿ ಮಾಡಿತು. ಮರುವರ್ಷವೇ ವಿನಿಪೆಗ್ ಮತ್ತು ಲೇಕ್‌ಹೆಡ್ ವಿಶ್ವವಿದ್ಯಾಲಯಗಳು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಇಂಥದೊಂದು ಪೇಪರ್ ಕಡ್ಡಾಯ ಮಾಡಿದವು. ಶಾಲೆಯ ಹೆಸರಿನಲ್ಲೇ ಅಷ್ಟು ಪೆಟ್ಟು ತಿಂದವರ ಕಥೆಗೆ ಗ್ರೇಡು ಹಾಕುವ ಮೇಷ್ಟ್ರ ಕೈ ಎಷ್ಟು ಸಲ ತಡವರಿಸುತ್ತದೋ! ಇದನ್ನೆಲ್ಲ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಗರಿ ಇಲ್ಲದೆಯೇ.

ಆಮೇಲೆ ಮತ್ತೆ ಶುರು. ಜರ್ನಲಿನಲ್ಲಿ 'ನಾವು ಇಂಡಿಯನ್ನರು' ಅಂತ ಬರೆದಿದ್ದಕ್ಕೆ ಮೇಷ್ಟ್ರು ಅಂಚಿನಲ್ಲಿ 'ಯಾವ?' ಅಂತ ಕೇಳಿದ್ದರಂತೆ. ತಪ್ಪು ಕೊಲಂಬಸ್ಸನದು, ಪೆಟ್ಟು ನಮ್ಮ ಹುಡುಗನಿಗೆ. ಅಲ್ಲಿ 1876ರ ಕಾನೂನಿನ ಹೆಸರು ಇವತ್ತಿಗೂ ಇಂಡಿಯನ್ ಆಕ್ಟೇ. ಜನರನ್ನು ಮಾತ್ರ ಕ್ರೀ, ಡೆನೆ, ಅನಿಶಿನಾಬೆ ಅಂತ ಅವರವರ ಹೆಸರಿನಿಂದ ಕರೆಯಬೇಕು. ನಮ್ಮನ್ನು ಯಾರಾದರೂ ಮದ್ರಾಸಿ ಅಂದರೆ ಮೈ ಉರಿಯುವುದಿಲ್ಲವೇ?

ಕೊನೆಗೆ ಕರೆ ಮಾಡಿದ ನಿಜವಾದ ಕಾರಣ ಹೊರಬಿತ್ತು. ಗ್ರೇಡು ಏರಿಸಿ ಅಂತ ಮೇಷ್ಟ್ರಿಗೆ ಪತ್ರ ಬರೆಯಬೇಕು, ದೊಡ್ಡಮ್ಮ ಒಂದು ಒಳ್ಳೆ ಒಕ್ಕಣೆ ಹೇಳಿಕೊಡಬೇಕು. 'ಸಾರ್, ಮುಂದಿನ ತಿಂಗಳು ಮದುವೆ, ದಯವಿಟ್ಟು ಪಾಸ್ ಮಾಡಿ' ಅಂತ ಪತ್ರಿಕೆಯ ಕೊನೆ ಪುಟದಲ್ಲಿ ಬರೆದವರನ್ನು ನೂರಾರು ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಹನ್ನೊಂದು ಪುಟದ ನಿಯಮ ಓದದೆ ಕೂತಿರಲಿಲ್ಲ, ಯಾಕೆಂದರೆ ನಿಯಮವನ್ನು ನಾನು ಕೊಟ್ಟೇ ಇರಲಿಲ್ಲ. ಇವನಿಗೆ ಕೊಟ್ಟಿದ್ದರು, ಮೊದಲ ದಿನವೇ.

ಒಕ್ಕಣೆ ಹೇಳಿಕೊಡಲಿಲ್ಲ. ಆ ಮೇಷ್ಟ್ರು ಧಾರಾಳಿ. ನಾನಾಗಿದ್ದರೆ ಸಿ ಕೊಡುತ್ತಿದ್ದೆ.