ಪೆಂಗ್ವಿನ್ ಸಾಹೇಬರೂ ಅರಳಿಕಟ್ಟೆಯೂ

ಎಡಿನ್‌ಬರೊ ಮೃಗಾಲಯದಲ್ಲಿ ನಾರ್ವೆಯ ಮೇಜರ್ ಜನರಲ್ ಒಬ್ಬರು ವಾಸವಾಗಿದ್ದಾರೆ. ಹೆಸರು ಸರ್ ನಿಲ್ಸ್ ಓಲಾವ್, ಆಹಾರ ಮೀನು, ಕುಲ ಕಿಂಗ್ ಪೆಂಗ್ವಿನ್. 1972ರಲ್ಲಿ ನಾರ್ವೆ ದೊರೆಯ ಅಂಗರಕ್ಷಕ ದಳದವರು ಈ ಹಕ್ಕಿಯನ್ನು ದತ್ತು ತೆಗೆದುಕೊಂಡು ಲಾನ್ಸ್ ಕಾರ್ಪೊರಲ್ ಮಾಡಿದರು. ಆಮೇಲೆ ಬಡ್ತಿಯ ಮೇಲೆ ಬಡ್ತಿ: 2008ರಲ್ಲಿ ನೈಟ್ ಪದವಿ, 2016ರಲ್ಲಿ ಬ್ರಿಗೇಡಿಯರ್, 2023ರಲ್ಲಿ ಮೇಜರ್ ಜನರಲ್. ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಅದೇ ಹೆಸರಿನಲ್ಲಿ, ಅದೇ ಹುದ್ದೆಯಲ್ಲಿ ಮುಂದುವರಿಯುತ್ತಾರೆ, ಈಗಿನವರು ಮೂರನೆಯವರು. ಅನುಕಂಪದ ಆಧಾರದ ನೌಕರಿ ನಮಗೂ ಗೊತ್ತು. ಆದರೆ ನಮ್ಮಲ್ಲಿ ಸಾಹೇಬರ ಮಗನಿಗೂ ಗುಮಾಸ್ತಿಕೆಯಿಂದಲೇ ಶುರು.

ರಾತ್ರಿ ಹನ್ನೊಂದೂವರೆಗೆ ವಿಕಿಪೀಡಿಯದಲ್ಲಿ ಇದನ್ನು ಓದಿದ ಮೇಲೆ ಯಾರಿಗಾದರೂ ಹೇಳದೆ ನಿದ್ದೆ ಹತ್ತೀತೆ? ಮನೆಯಲ್ಲಿ ಹೇಳಿದರೆ "ಗ್ಯಾಸ್ ಆಫ್ ಮಾಡಿದ್ರಾ?" ಎಂಬ ಮರುಪ್ರಶ್ನೆ. ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರೆ ದೊಡ್ಡಪ್ಪನವರ ಮುಗಿದ ಕೈ. ಉಳಿದದ್ದು ಮಾಸ್ಟೊಡಾನ್.

ಅಳಿದುಹೋದ ಆನೆಯಂಥ ಪ್ರಾಣಿಯೊಂದರ ಹೆಸರು ಹೊತ್ತ ಈ ಜಾಲವನ್ನು 2016ರಲ್ಲಿ ಶುರುಮಾಡಿದವರು ಜರ್ಮನಿಯ ಆಯ್ಗೆನ್ ರೋಷ್ಕೊ. ಇಡೀ ಜಾಲಕ್ಕೆ ಒಬ್ಬ ಯಜಮಾನನಿಲ್ಲ. ಊರಿಗೊಂದು ಅರಳಿಕಟ್ಟೆ ಇದ್ದಂತೆ ಸಾವಿರಾರು ಸರ್ವರ್‌ಗಳು, ಒಂದೊಂದಕ್ಕೂ ಅದರದೇ ಕಟ್ಟಳೆ; ಆಕ್ಟಿವಿಟಿಪಬ್ ಎಂಬ ಒಡಂಬಡಿಕೆಯ ದೆಸೆಯಿಂದ ಈ ಕಟ್ಟೆಯ ಮಾತು ಆ ಕಟ್ಟೆಗೂ ಕೇಳುತ್ತದೆ. ಯಾವುದನ್ನು ಯಾರ ಮುಂದೆ ತಳ್ಳಬೇಕೆಂದು ಲೆಕ್ಕ ಹಾಕುವ ಯಂತ್ರವಿಲ್ಲ. ಯಾರಿಗಾದರೂ ಮೆಚ್ಚುಗೆಯಾಗಿ ಅವರು ಮುಂದಕ್ಕೆ ದಾಟಿಸಿದರಷ್ಟೇ ಸುದ್ದಿಗೆ ಕಾಲು. ಸಿಟ್ಟನ್ನೇ ಉಂಡು ಬೆಳೆಯುವ ಜಾಲಗಳಲ್ಲಿ ಪೆಂಗ್ವಿನ್‌ಗೆ ಭವಿಷ್ಯವಿಲ್ಲ. ಅದರ ಮೇಲೆ ಯಾರಿಗೆ ಸಿಟ್ಟು ಬಂದೀತು!

ಹಂಚುವುದಕ್ಕೂ ಒಂದು ಹದವಿದೆ. ವಿಶ್ವಕೋಶ ತಾನು ನಗುವುದಿಲ್ಲ, ತಹಶೀಲ್ದಾರರ ವರದಿಯ ಧಾಟಿಯಲ್ಲೇ ಪೆಂಗ್ವಿನ್‌ನ ಸೇವಾವಿವರ ಒಪ್ಪಿಸುತ್ತದೆ. ಆ ವಾಕ್ಯವನ್ನು ಹಾಗೇ ಇಟ್ಟು ಕೊಂಡಿ ಕೊಟ್ಟು ಸುಮ್ಮನಾಗಬೇಕು. ಪಕ್ಕದಲ್ಲಿ "ನಂಬಿದರೆ ನಂಬಿ!" ಎಂದು ಸೇರಿಸುವವರನ್ನು ನಾನು ಹಿಂಬಾಲಿಸುವುದಿಲ್ಲ.

ಬೆಳಿಗ್ಗೆ ನೋಡಿದರೆ ಯಾವುದೋ ಕಟ್ಟೆಯ ಅಪರಿಚಿತರು, "ಸಾಹೇಬರು ಬೂವೆ ದ್ವೀಪದ ಬ್ಯಾರನ್ ಕೂಡ" ಎಂದು ತಿಳಿಸಿದ್ದರು. ಬೂವೆ ಎಂದರೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಹಿಮ ಹೊದ್ದು ಕೂತ, ಜನವಸತಿಯಿಲ್ಲದ ನಾರ್ವೆಯ ದ್ವೀಪ. 1964ರಲ್ಲಿ ಅಲ್ಲಿಗೆ ಹೋದವರಿಗೆ ಯಾರೋ ಬಿಟ್ಟುಹೋದ ದೋಣಿ ಸಿಕ್ಕಿತು, ಬಿಟ್ಟವರು ಸಿಗಲಿಲ್ಲ. ಆಫೀಸಿಗೆ ತಡವಾಯಿತು.

ಸಾಲ ತೀರಿಸಬೇಕಲ್ಲ ಎಂದು ನಾನು ಮದ್ದೂರು ತಾಲ್ಲೂಕಿನ ಆತಕೂರು ಶಾಸನವನ್ನು ಕನ್ನಡದಲ್ಲೇ ಹಾಕಿದೆ. ಹತ್ತನೆಯ ಶತಮಾನದ್ದು. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು. 500 ಅಕ್ಷರದ ಮಿತಿಯೊಳಗೆ ಗಂಗ ಬೂತುಗ, ರಾಷ್ಟ್ರಕೂಟ ಕೃಷ್ಣ, ನಾಯಿಯ ಒಡೆಯ ಮಣಲೆರ ಎಲ್ಲರನ್ನೂ ತುರುಕಲು ಹೋಗಿ, ಕೊನೆಗೆ ರಾಜರನ್ನು ಬಿಟ್ಟು ನಾಯಿಯನ್ನು ಉಳಿಸಿಕೊಂಡೆ.

ಬಂದದ್ದು ಒಂದೇ ಉತ್ತರ: "ಪಾಪ, ಹಂದಿಗೆ ಏನೂ ಇಲ್ವಾ?"

ಇದೆ. ಅದೇ ಕಲ್ಲಿನಲ್ಲಿ, ನಾಯಿಯ ಎದುರಿಗೇ ಕೆತ್ತಿದ್ದಾರೆ.